ಕೀಲಿಕೈಯೊಳಗಿನ ಪುಟ್ಟ ಬಿಲ್ಲೆ

(ರುದ್ರಪಟ್ಟಣದಲ್ಲಿ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ.)



ಪರಿಸರದ ಸಭೆಯೆಂದರೆ ಕಾಡು, ಅಣೆಕಟ್ಟು, ಗಣಿ ಇವುಗಳ ಮಾತನ್ನು ನಿರೀಕ್ಷಿಸಿ ಬಂದಿರುತ್ತೀರಿ. ಇಂದು ನಾನು ಅಷ್ಟು ದೊಡ್ಡ ವಿಷಯವನ್ನು ಎತ್ತಿಕೊಳ್ಳುವುದಿಲ್ಲ. ನನ್ನ ಅಂಗೈಯಲ್ಲಿರುವ ಈ ಬಿಲ್ಲೆಯನ್ನು ನೋಡಿ. ಅಗಲ ಎರಡು ಸೆಂಟಿಮೀಟರು, ತೂಕ ಸುಮಾರು ಮೂರು ಗ್ರಾಮು. ಕಾರಿನ ರಿಮೋಟ್ ಕೀಲಿಕೈಯೊಳಗೆ ಕುಳಿತಿರುವ ಬಟನ್ ಸೆಲ್ ಇದು. ಇದನ್ನು ಆರಿಸುವುದು ಹೇಗೆ, ಬದಲಾಯಿಸುವುದು ಹೇಗೆ, ಹಳೆಯದನ್ನು ಏನು ಮಾಡಬೇಕು ಎಂಬುದಷ್ಟೇ ಇಂದಿನ ಮಾತು. ಇಷ್ಟು ಸಣ್ಣ ವಿಷಯಕ್ಕೆ ಸಭೆ ಏಕೆಂದು ನಿಮಗೆ ಅನ್ನಿಸಬಹುದು. ನನ್ನ ಮನೆಯಲ್ಲಿ ನಡೆದುದನ್ನು ಹೇಳಿದರೆ ಕಾರಣ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ, ಒಂದು ಧನುರ್ಮಾಸದ ಮುಂಜಾನೆ, ನನ್ನ ತಂಗಿಯ ಮಗನೊಂದಿಗೆ ರಾಮನಾಥಪುರಕ್ಕೆ ಹೋಗಿದ್ದೆ. ದರ್ಶನ ಮುಗಿಸಿ ಬಂದು ನೋಡಿದರೆ ಕಾರಿನ ಬಾಗಿಲು ತೆರೆಯಲೊಲ್ಲದು. ಗುಂಡಿ ಎಷ್ಟು ಒತ್ತಿದರೂ ಸದ್ದಿಲ್ಲ. ಹುಡುಗ ಯಾರಿಗೋ ಫೋನ್ ಮಾಡಿದ. "ಮಾವ, ಕೀ ಕೆಟ್ಟುಹೋಗಿದೆಯಂತೆ, ಹೊಸದೇ ತರಿಸಬೇಕಂತೆ, ಸಾವಿರಾರು ರೂಪಾಯಿ ಆಗುತ್ತಂತೆ" ಎಂದ. ಕೀಲಿಕೈಯ ಬದಿಯಲ್ಲಿದ್ದ ಚಿಕ್ಕ ಚಿಲಕವನ್ನು ಸರಿಸಿದಾಗ ಒಳಗಿನಿಂದ ಲೋಹದ ಕೀಲಿಯೊಂದು ಹೊರಬಂತು. ಅದರಿಂದ ಬಾಗಿಲು ತೆರೆದು ಅರಕಲಗೂಡಿಗೆ ಹೋಗಿ, ಕೈಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ನಕ್ಕು, "ಕೀ ಕೆಟ್ಟಿಲ್ಲ ಮೇಷ್ಟ್ರೇ, ಅದರ ಹೊಟ್ಟೆ ಖಾಲಿಯಾಗಿದೆ ಅಷ್ಟೆ" ಎಂದರು. ಐದು ನಿಮಿಷದಲ್ಲಿ ಹೊಸ ಸೆಲ್ ಹಾಕಿಕೊಟ್ಟರು. ನೂರು ರೂಪಾಯಿಯ ನೋಟಿಗೆ ಚಿಲ್ಲರೆಯೂ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ವೇದಿಕೆಗೆ ಬರುತ್ತಿರಲಿಲ್ಲ. ಹಳೆಯ ಬಿಲ್ಲೆಯನ್ನು ಅವರು ನನ್ನ ಕೈಗೇ ಕೊಟ್ಟಿದ್ದರು. ಚಿಲ್ಲರೆಯೊಂದಿಗೆ ಅದನ್ನು ಜೇಬಿಗೆ ಹಾಕಿಕೊಂಡು ಬಂದು, ಸಂಜೆ ಚಿಲ್ಲರೆಯೊಂದಿಗೇ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಮಗಳು ಚೀರಿದ ಸದ್ದು ಕೇಳಿಸಿತು. ಎರಡು ವರ್ಷದ ಮೊಮ್ಮಗಳ ಕೆನ್ನೆ ಉಬ್ಬಿತ್ತು. ತಾಯಿ ಬೆರಳು ಹಾಕಿ ತೆಗೆದಾಗ ಬಂದದ್ದು ನಾಣ್ಯವಲ್ಲ, ಆ ಬಿಲ್ಲೆ. ಮಗುವಿಗೆ ಏನೂ ಆಗಲಿಲ್ಲ. ಆದರೆ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನನಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ. ವಿದ್ಯುತ್ಕೋಶದ ಪಾಠವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ! ಅದೇ ಕೋಶವನ್ನು ಮಗುವಿನ ಕೈಗೆಟಕುವಂತೆ ಇಟ್ಟವನೂ ನಾನೇ.

ಆದ್ದರಿಂದ ಬಿಲ್ಲೆಯ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳುತ್ತೇನೆ.

ಮೊದಲು, ಕೀಲಿಕೈಯ ಸೆಲ್ ಮುಗಿಯುತ್ತಿದೆಯೆಂದು ತಿಳಿಯುವುದು ಹೇಗೆ? ಅದು ಒಮ್ಮೆಗೇ ಸಾಯುವುದು ಕಡಿಮೆ. ಹಿಂದೆ ಇಪ್ಪತ್ತು ಹೆಜ್ಜೆ ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಐದು ಹೆಜ್ಜೆಗೆ ಬಂದರಷ್ಟೇ ತೆರೆಯುತ್ತದೆ. ಗುಂಡಿಯನ್ನು ಎರಡು ಮೂರು ಬಾರಿ ಒತ್ತಬೇಕಾಗುತ್ತದೆ. ಕೀಲಿಕೈಯ ಪುಟ್ಟ ದೀಪ ಮಂಕಾಗುತ್ತದೆ. ಕೆಲವು ಕಾರುಗಳಲ್ಲಿ ಚಾಲಕನ ಎದುರಿನ ಫಲಕದಲ್ಲೇ ಸೂಚನೆ ಮೂಡುತ್ತದೆ. ಬೆಟ್ಟದ ಊರಿನವರು ಇನ್ನೊಂದನ್ನು ಗಮನಿಸಬೇಕು. ಚಳಿಯಲ್ಲಿ ಸೆಲ್ಲಿನ ಒಳರೋಧ ಹೆಚ್ಚುತ್ತದೆ. ಹೀಗಾಗಿ ಸೊರಗಿದ ಸೆಲ್ ಮುಂಜಾನೆ ಮುಷ್ಕರ ಹೂಡಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಮತ್ತೆ ಕೆಲಸ ಮಾಡುತ್ತದೆ. ಸರಿಹೋಯಿತೆಂದು ಸುಮ್ಮನಾಗಬಾರದು. ಅದು ವಿದಾಯದ ಸೂಚನೆ. ಸಾಮಾನ್ಯವಾಗಿ ಇಂತಹ ಸೆಲ್ ಎರಡು ಮೂರು ವರ್ಷ ಬಾಳುತ್ತದೆ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳ ಕೀಲಿಕೈ ಸದಾ ಕಾರಿನ ಕರೆಗೆ ಕಿವಿಗೊಟ್ಟಿರುವುದರಿಂದ ಅದರ ಸೆಲ್ ಇನ್ನೂ ಬೇಗ ಮುಗಿಯಬಹುದು. ಅದನ್ನು ಕಾರಿನ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕದೆ ಮನೆಯೊಳಗೆ ದೂರದಲ್ಲಿ ಇಡುವುದು ಒಳ್ಳೆಯದು.

ಸೆಲ್ ಸತ್ತರೆ ಕಾರು ನಿಂತೇಹೋಯಿತೆಂದು ಗಾಬರಿಯಾಗಬೇಕಿಲ್ಲ. ಬಹುತೇಕ ರಿಮೋಟ್ ಕೀಲಿಗಳಲ್ಲಿ ಬಾಗಿಲು ತೆರೆಯಲು ಲೋಹದ ಕೀಲಿ ಇದ್ದೇ ಇರುತ್ತದೆ. ಕಳ್ಳತನ ತಡೆಯುವ ಚಿಪ್ಪಿಗೆ ಆ ಬಿಲ್ಲೆಯ ವಿದ್ಯುತ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕೀಲಿ ಹಾಕುವ ಜಾಗದ ಸುತ್ತ ಇರುವ ತಂತಿಸುರುಳಿಯೇ ಅದಕ್ಕೆ ಕ್ಷಣಮಾತ್ರ ಶಕ್ತಿ ಕೊಡುತ್ತದೆ. ಗುಂಡಿ ಒತ್ತುವ ಕಾರಾದರೆ ಹಲವು ಮಾದರಿಗಳಲ್ಲಿ ಕೀಲಿಕೈಯನ್ನು ಆ ಗುಂಡಿಗೇ ತಾಗಿಸಿ ಹಿಡಿದು ಚಾಲೂ ಮಾಡಬಹುದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಇದರ ವಿಧಾನವಿರುತ್ತದೆ. ಕಷ್ಟ ಬರುವ ಮೊದಲೇ ಒಮ್ಮೆ ಓದಿಡಿ.

ಈಗ ಆಯ್ಕೆಯ ಮಾತು. ಬಿಲ್ಲೆಯ ಮೇಲೆ ಸಿಆರ್ 2032 ಎಂದು ಕೊರೆದಿರುತ್ತದೆ. ಇದು ಅಂಗಡಿಯವರ ಗುಟ್ಟಿನ ಸಂಖ್ಯೆಯಲ್ಲ, ಯಾರಾದರೂ ಓದಬಹುದಾದ ಲಿಪಿ. ಮೊದಲ ಅಕ್ಷರ 'ಸಿ' ಎಂದರೆ ಒಳಗೆ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಇದೆಯೆಂದರ್ಥ. 'ಆರ್' ಎಂದರೆ ದುಂಡು. 20 ಎಂದರೆ ಇಪ್ಪತ್ತು ಮಿಲಿಮೀಟರ್ ವ್ಯಾಸ. 32 ಎಂದರೆ 3.2 ಮಿಲಿಮೀಟರ್ ದಪ್ಪ. ಹಾಗಾದರೆ ಸಿಆರ್ 2025 ಎಂದರೇನು? ಅದೇ ಅಗಲ, ದಪ್ಪ ಮಾತ್ರ 2.5 ಮಿಲಿಮೀಟರ್. ಸಿಆರ್ 1620 ಎಂದರೆ ಹದಿನಾರು ಮಿಲಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪ. ಎಲ್ಲದರ ಒತ್ತಡವೂ ಮೂರು ವೋಲ್ಟ್. ಆದರೆ ಒಂದರ ಜಾಗದಲ್ಲಿ ಇನ್ನೊಂದು ನಡೆಯದು. ತೆಳುವಾದುದನ್ನು ಹಾಕಿ ಕಾಗದ ಮಡಿಸಿ ತುರುಕಿದರೆ ಒಂದು ದಿನ ಸಂಪರ್ಕ ತಪ್ಪುತ್ತದೆ. ದಪ್ಪವಾದುದನ್ನು ಒತ್ತಿ ಕೂರಿಸಿದರೆ ಒಳಗಿನ ಸ್ಪ್ರಿಂಗ್ ಪಟ್ಟಿ ಬಾಗುತ್ತದೆ. ಆದ್ದರಿಂದ ಹಳೆಯ ಸೆಲ್ಲಿನ ಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ಎಲ್‌ಐಆರ್ 2032 ಎಂಬ ಇನ್ನೊಂದು ಬಿಲ್ಲೆ ಸಿಗುತ್ತದೆ. ಅಳತೆ ಒಂದೇ, ಆದರೆ ಇದು ರೀಚಾರ್ಜ್ ಆಗುವಂಥದು. ಮರುಬಳಕೆಯ ಹಂಬಲವುಳ್ಳ ನಮ್ಮಂಥವರಿಗೆ ಇದೇ ಒಳ್ಳೆಯದಲ್ಲವೇ ಎಂದು ಅನ್ನಿಸುತ್ತದೆ. ಆದರೆ ಪೂರ್ಣ ಚಾರ್ಜ್ ಆದಾಗ ಅದರ ಒತ್ತಡ 4.2 ವೋಲ್ಟಿಗೆ ಏರುತ್ತದೆ. ಮೂರು ವೋಲ್ಟಿಗೆಂದು ಮಾಡಿದ ಕೀಲಿಕೈ ಅದರಿಂದ ಕೆಡಬಹುದು. ಅದರ ಸಂಗ್ರಹಶಕ್ತಿಯೂ ತುಂಬ ಕಡಿಮೆ. ಹಾಗೆಯೇ ಸಿಆರ್ ಬಿಲ್ಲೆಯನ್ನು ಎಂದಿಗೂ ಚಾರ್ಜ್ ಮಾಡಲು ಹೋಗಬಾರದು. ಅದು ಉಬ್ಬಿ ಸಿಡಿಯಬಹುದು.

ಕೊಳ್ಳುವಾಗ ಪೊಟ್ಟಣದ ಮೇಲಿನ ಅವಧಿಯ ವರ್ಷ ನೋಡಿ. ಒಳ್ಳೆಯ ಲಿಥಿಯಂ ಬಿಲ್ಲೆ ಹಲವು ವರ್ಷ ಕಪಾಟಿನಲ್ಲಿ ಕೆಡದೆ ಇರುತ್ತದೆ. ಆದರೆ ಡಬ್ಬಿಯೊಂದರಲ್ಲಿ ಬಿಡಿಬಿಡಿಯಾಗಿ ರಾಶಿ ಹಾಕಿದ ಸೆಲ್‌ಗಳನ್ನು ಕೊಳ್ಳಬೇಡಿ. ಒಂದಕ್ಕೊಂದು ತಾಗಿ ಅವು ಅಂಗಡಿಯಲ್ಲೇ ಅರ್ಧ ಖಾಲಿಯಾಗಿರುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ಮುಚ್ಚಿರುವ, ಕತ್ತರಿಯಿಲ್ಲದೆ ತೆರೆಯಲಾಗದ ಗಟ್ಟಿ ಪೊಟ್ಟಣವೇ ಸರಿ. ಆ ಗಟ್ಟಿತನ ಮಕ್ಕಳ ರಕ್ಷಣೆಗಾಗಿಯೇ ಇರುವುದು. ಮುಂದೆ ಬೇಕಾದೀತೆಂದು ಹತ್ತು ಸೆಲ್ ತಂದು ಮನೆಯಲ್ಲಿಡುವ ಅಭ್ಯಾಸ ಬೇಡ. ಬೇಕಾದಾಗ ಒಂದು ತಂದರೆ ಸಾಕು.

ಬದಲಾಯಿಸುವ ಕ್ರಮ ಸರಳ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಕುಳಿತುಕೊಳ್ಳಿ. ಸಣ್ಣ ಭಾಗ ಬಿದ್ದರೆ ಕಾಣಬೇಕು. ಪಕ್ಕದಲ್ಲಿ ಮಗು ಆಡುತ್ತಿರಬಾರದು. ಲೋಹದ ಕೀಲಿಯನ್ನು ಹೊರತೆಗೆದರೆ ಅಲ್ಲೊಂದು ಸೀಳು ಕಾಣುತ್ತದೆ. ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಗೆ ಬಟ್ಟೆ ಸುತ್ತಿ ಸೀಳಿನಲ್ಲಿಟ್ಟು ಮೆಲ್ಲಗೆ ತಿರುವಿ. ಎರಡು ಚಿಪ್ಪುಗಳು ಬಿಡಿಸಿಕೊಳ್ಳುತ್ತವೆ. ಕೆಲವು ಕೀಲಿಕೈಗಳಿಗೆ ಪುಟ್ಟ ತಿರುಪು ಇರುತ್ತದೆ, ಮೊದಲು ಅದನ್ನು ಬಿಚ್ಚಬೇಕು. ಹಳೆಯ ಮಾದರಿಯ ಕೆಲವು ಕೀಲಿಗಳಲ್ಲಿ ಕಳ್ಳತನ ತಡೆಯುವ ಚಿಪ್ಪು ಅಕ್ಕಿಕಾಳಿನಷ್ಟೋ ಹೆಸರುಕಾಳಿನಷ್ಟೋ ಗಾತ್ರದ್ದಾಗಿ, ಸುಮ್ಮನೆ ಗೂಡಿನಲ್ಲಿ ಕುಳಿತಿರುತ್ತದೆ. ಕಸವೆಂದು ಊದಿ ಕಳೆದರೆ ಕಾರು ಚಾಲೂ ಆಗುವುದೇ ಇಲ್ಲ. ಆಗ ನಿಜವಾಗಿಯೂ ಸಾವಿರಾರು ರೂಪಾಯಿಯ ಖರ್ಚು!

ಸೆಲ್ ತೆಗೆಯುವ ಮೊದಲು ಅದರ ಯಾವ ಮುಖ ಮೇಲಿತ್ತೆಂದು ಗುರುತಿಟ್ಟುಕೊಳ್ಳಿ. ಮೊಬೈಲಿನಲ್ಲಿ ಚಿತ್ರ ತೆಗೆದರೂ ಆದೀತು. ಪ್ಲಸ್ ಗುರುತು ಕೆಲವು ಕೀಲಿಗಳಲ್ಲಿ ಮೇಲಕ್ಕೂ ಕೆಲವುಗಳಲ್ಲಿ ಕೆಳಕ್ಕೂ ಇರುತ್ತದೆ. ಹಳೆಯದನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿ. ಲೋಹದ ಚಿಮುಟ ಎರಡೂ ಮುಖಗಳಿಗೆ ತಾಗಿದರೆ ಸೆಲ್ ವ್ಯರ್ಥವಾಗಿ ಹರಿದುಹೋಗುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿದು ಒಣಬಟ್ಟೆಯಿಂದ ಒರೆಸಿ ಕೂರಿಸಿ. ಬೆರಳಿನ ಎಣ್ಣೆ ಬೆವರು ಮುಖಕ್ಕೆ ಅಂಟಬಾರದು. ಮುಚ್ಚುವ ಮೊದಲೇ ಒಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ರಬ್ಬರಿನ ಅಂಚುಪಟ್ಟಿ ಇದ್ದರೆ ಸರಿಯಾಗಿ ಕೂರಿಸಿ, ನಮ್ಮ ಮಳೆಗಾಲದ ತೇವ ಒಳನುಗ್ಗುವುದು ಅಲ್ಲಿಂದಲೇ. ಹೆಚ್ಚಿನ ಕೀಲಿಕೈಗಳು ಸೆಲ್ ತೆಗೆದರೂ ತಮ್ಮ ಗುಪ್ತಸಂಕೇತವನ್ನು ಮರೆಯುವುದಿಲ್ಲ. ಮರೆತರೆ, ಮತ್ತೆ ಹೊಂದಿಸುವ ಕ್ರಮ ಕೈಪಿಡಿಯಲ್ಲಿರುತ್ತದೆ.

ಸಂಗೀತದ ಈ ಊರಿನಲ್ಲಿ ಒಂದು ಹೋಲಿಕೆ ಹೇಳಿದರೆ ತಪ್ಪಾಗದು. ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು ಇದು. ತಂಬೂರಿಯ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ದೇವತಾ ಧ್ಯಾನಮಂದಿರ ನಿಮ್ಮ ಕಣ್ಣೆದುರಿಗಿದೆ. ತಂಬೂರಿಯ ತಂತಿ ಸವೆದರೆ ತಂಬೂರಿಯನ್ನೇ ಎಸೆದವರನ್ನು ಇಲ್ಲಿ ಯಾರಾದರೂ ಕಂಡಿದ್ದೀರಾ? ತಂತಿ ಬದಲಾಗುತ್ತದೆ, ವಾದ್ಯ ಮೊಮ್ಮಕ್ಕಳ ಕೈಗೆ ಬರುತ್ತದೆ. ಕೀಲಿಕೈಯೂ ಹಾಗೆಯೇ. ಸವೆದ ಭಾಗವನ್ನಷ್ಟೇ ಬದಲಿಸಿ ಉಳಿದುದನ್ನು ಉಳಿಸಿಕೊಳ್ಳುವುದು ನಮ್ಮ ಹಿರಿಯರ ಸಹಜ ಬಾಳುವೆಯಾಗಿತ್ತು. ಅದಕ್ಕೆ ಪರಿಸರ ಸಂರಕ್ಷಣೆ ಎಂಬ ಹೆಸರನ್ನು ಅವರು ಇಟ್ಟಿರಲಿಲ್ಲ, ಅಷ್ಟೆ.

ಇನ್ನು ಅತಿ ಮುಖ್ಯವಾದ ಮಾತು. ತಾಯಂದಿರು ದಯವಿಟ್ಟು ಗಮನವಿಟ್ಟು ಕೇಳಬೇಕು. ಮಗು ನಾಣ್ಯ ನುಂಗಿದರೆ ಅದು ಹೆಚ್ಚಿನ ಸಲ ಹೊಟ್ಟೆಗಿಳಿದು ಹೊರಹೋಗುತ್ತದೆ. ಲಿಥಿಯಂ ಬಿಲ್ಲೆ ಹಾಗಲ್ಲ. ಇಪ್ಪತ್ತು ಮಿಲಿಮೀಟರಿನ ಈ ಬಿಲ್ಲೆ ಚಿಕ್ಕ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯದು. ಅಲ್ಲಿನ ಒದ್ದೆ ಗೋಡೆಗೆ ಎರಡೂ ಮುಖ ತಾಗಿದೊಡನೆ ವಿದ್ಯುತ್ ಹರಿಯತೊಡಗುತ್ತದೆ. ಆ ವಿದ್ಯುತ್ತು ದೇಹದ ದ್ರವದಿಂದಲೇ ತೀವ್ರವಾದ ಕ್ಷಾರವನ್ನು ಹುಟ್ಟಿಸಿ ಮಾಂಸವನ್ನು ಸುಡುತ್ತದೆ. ಎರಡೇ ಗಂಟೆಗಳಲ್ಲಿ ಭಾರೀ ಗಾಯವಾಗಬಹುದು. ಅದು ಪಕ್ಕದ ಶ್ವಾಸನಾಳವನ್ನೂ ರಕ್ತನಾಳವನ್ನೂ ತಲುಪಿದರೆ ಪ್ರಾಣಕ್ಕೇ ಕುತ್ತು. ಕೀಲಿಕೈಯನ್ನು ನಡೆಸಲಾರದ ಹಳೆಯ ಸೆಲ್ಲಿನಲ್ಲೂ ಇಷ್ಟು ಅನಾಹುತಕ್ಕೆ ಬೇಕಾದ ಶಕ್ತಿ ಉಳಿದಿರುತ್ತದೆ. ಖಾಲಿಯಾದದ್ದು ನಿರಪಾಯವೆಂಬ ನನ್ನ ತಿಳಿವಳಿಕೆ ಅಂದು ತಪ್ಪಾಗಿತ್ತು.

ನುಂಗಿದ್ದನ್ನು ಯಾರೂ ನೋಡದಿದ್ದರೆ ಲಕ್ಷಣಗಳು ನೆಗಡಿಯಂತೆ ತೋರಿ ಮೋಸ ಮಾಡುತ್ತವೆ. ಜೊಲ್ಲು ಸುರಿಯುವುದು, ಊಟ ಒಲ್ಲೆನ್ನುವುದು, ಕೆಮ್ಮು, ಉಸಿರಿನ ಗೊರಗೊರ ಸದ್ದು, ಎದೆ ಮುಟ್ಟಿ ಅಳುವುದು. ಸಂಶಯ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಸೌಲಭ್ಯವುಳ್ಳ ಆಸ್ಪತ್ರೆಗೆ ಕೂಡಲೇ ಹೊರಡಿ. "ಬಟನ್ ಸೆಲ್ ನುಂಗಿರಬಹುದು" ಎಂಬುದೇ ವೈದ್ಯರಿಗೆ ನೀವು ಹೇಳುವ ಮೊದಲ ಮಾತಾಗಿರಲಿ. ವಾಂತಿ ಮಾಡಿಸಬೇಡಿ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸಬೇಡಿ. ಒಂದಕ್ಕೆ ಮಾತ್ರ ಅವಕಾಶವಿದೆ, ಅದು ಜೇನುತುಪ್ಪ. ಅಮೆರಿಕೆಯ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಜೇನು ಆ ಕ್ಷಾರದ ಹಾನಿಯನ್ನು ತಗ್ಗಿಸುತ್ತದೆಂದು ತಿಳಿದುಬಂತು. ಒಂದು ವರ್ಷ ತುಂಬಿದ ಮಗುವಾಗಿದ್ದು, ನುಂಗಿ ಹನ್ನೆರಡು ಗಂಟೆ ಮೀರಿಲ್ಲದಿದ್ದರೆ, ನುಂಗಲು ತೊಂದರೆಯಿಲ್ಲದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನು ಕೊಡಬಹುದು. ಆರು ಬಾರಿಗಿಂತ ಹೆಚ್ಚು ಬೇಡ. ವರ್ಷ ತುಂಬದ ಕೂಸಿಗೆ ಜೇನು ಕೂಡದು. ಜೇನು ಹುಡುಕುತ್ತ ಹೊತ್ತು ಕಳೆಯುವುದೂ ಕೂಡದು. ಅದು ಚಿಕಿತ್ಸೆಯಲ್ಲ, ಆಸ್ಪತ್ರೆ ಸೇರುವವರೆಗಿನ ಆಸರೆ ಮಾತ್ರ. ಮೂಗಿಗೋ ಕಿವಿಗೋ ಸೆಲ್ ತುರುಕಿಕೊಂಡಿದ್ದರೂ ಇಷ್ಟೇ ಆತುರ ಬೇಕು. ಕಿವಿಗೆ ಎಣ್ಣೆ, ಔಷಧಿಯ ಹನಿ ಹಾಕಬೇಡಿ.

ಇಂತಹ ದುರಂತಗಳ ಕಾರಣದಿಂದಲೇ ಅಮೆರಿಕೆಯಲ್ಲಿ 2022ರಲ್ಲಿ ರೀಸ್ ಕಾನೂನು ಬಂತು. ಮಗುವೊಂದರ ಹೆಸರು ಹೊತ್ತ ಕಾನೂನು ಅದು. ಬಟನ್ ಸೆಲ್ ಇರುವ ವಸ್ತುಗಳ ಮುಚ್ಚಳ ಮಕ್ಕಳಿಗೆ ತೆರೆಯಲಾಗದಂತೆ ಇರಬೇಕೆಂದು ಅದು ವಿಧಿಸುತ್ತದೆ. ಕೆಲವು ತಯಾರಕರು ಈಗ ಬಿಲ್ಲೆಗೆ ಕಹಿ ಲೇಪವನ್ನೂ ಬಳಿಯುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಸೆಲ್ ಇರುವುದು ಕೀಲಿಕೈಯಲ್ಲಿ ಮಾತ್ರವೇ? ತೂಕದ ಯಂತ್ರ, ಟಾರ್ಚು, ಜಾತ್ರೆಯಲ್ಲಿ ಕೊಂಡ ಮಿಣುಕು ಆಟಿಕೆ, ಹಾಡುವ ಶುಭಾಶಯ ಪತ್ರ, ಹೀಗೆ ಎಲ್ಲೆಲ್ಲೂ ಅದಿದೆ. ಮುಚ್ಚಳ ಸಡಿಲವಾದ ಆಟಿಕೆಯನ್ನು ಮಗುವಿನ ಕೈಗೆ ಕೊಡಬೇಡಿ.

ಕಡೆಯದಾಗಿ, ಹಳೆಯ ಬಿಲ್ಲೆ ಎಲ್ಲಿಗೆ ಹೋಗಬೇಕು? ಇಲ್ಲಿ ಉತ್ಪ್ರೇಕ್ಷೆ ಮಾಡಲಾರೆ. ಸಿಆರ್ ಬಿಲ್ಲೆಯಲ್ಲಿ ಪಾದರಸವಿಲ್ಲ. ಒಂದು ಬಿಲ್ಲೆ ಚರಂಡಿಗೆ ಬಿದ್ದಮಾತ್ರಕ್ಕೆ ಕಾವೇರಿ ವಿಷವಾಗುತ್ತದೆಂದು ಹೇಳಿದರೆ ಅದು ಸುಳ್ಳು. ಆದರೆ ಹಳೆಯ ಕೈಗಡಿಯಾರ, ಕ್ಯಾಲ್ಕುಲೇಟರ್, ಶ್ರವಣ ಸಾಧನಗಳ ಬಟನ್ ಸೆಲ್‌ಗಳಲ್ಲಿ ಪಾದರಸವಿತ್ತು. ಯುರೋಪಿನ ಒಕ್ಕೂಟ ಅದನ್ನು ನಿಷೇಧಿಸಿದ್ದು 2015ರಲ್ಲಿ. ಕಪಾಟಿನ ಮೂಲೆಯಲ್ಲಿರುವ ಹಳೆಯ ಬಿಲ್ಲೆಗಳಲ್ಲಿ ಯಾವುದರಲ್ಲಿ ಪಾದರಸವಿದೆಯೆಂದು ಕಣ್ಣಿನಿಂದ ಹೇಳಲಾಗದು. ಪಾದರಸ ನೀರು ಸೇರಿದರೆ ಮೀನಿನ ದೇಹದಲ್ಲಿ ಕೂಡುತ್ತ ಹೋಗುತ್ತದೆಂಬುದನ್ನು ಜಪಾನಿನ ಮಿನಮಾಟದ ಜನ ತಮ್ಮ ಮಕ್ಕಳನ್ನು ಕಳೆದುಕೊಂಡು ಕಲಿತರು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿತು. ರಾಮನಾಥಪುರದ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ನೀರು ನಮ್ಮೂರ ಮುಂದೆ ಹರಿದು ಕನ್ನಂಬಾಡಿ ಕಟ್ಟೆ ಸೇರುತ್ತದೆ. ಅದನ್ನು ಕುಡಿಯುವವರು ಮೈಸೂರು ಬೆಂಗಳೂರಿನವರೆಗೂ ಇದ್ದಾರೆ.

ಲಿಥಿಯಂ ಬಿಲ್ಲೆಯ ಅಪಾಯ ಬೇರೆ ಬಗೆಯದು. ಕಸದ ರಾಶಿಯಲ್ಲಿ ಅದು ಬಿಸಿಯಾಗಿ ಬೆಂಕಿ ಹೊತ್ತಿಸಬಹುದು. ಒಲೆಗೆ, ತರಗೆಲೆಯ ಬೆಂಕಿಗೆ ಹಾಕಿದರೆ ಸಿಡಿಯಬಹುದು. ಜೊತೆಗೆ ಅದರೊಳಗಿನ ಲೋಹ ನಷ್ಟವಾಗುತ್ತದೆ. ಒಂದು ಬಿಲ್ಲೆಯಲ್ಲಿರುವ ಲಿಥಿಯಂ ಸುಮಾರು ಗ್ರಾಮಿನ ಹತ್ತನೆಯ ಒಂದು ಪಾಲು ಮಾತ್ರ. ಅಷ್ಟಕ್ಕಾಗಿ ಎಲ್ಲೋ ಒಂದು ಕಡೆ ಬಂಡೆ ಒಡೆದಿರುತ್ತಾರೆ, ಇಲ್ಲವೇ ಉಪ್ಪುನೀರನ್ನು ಬಸಿದಿರುತ್ತಾರೆ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿಯೂ ಸುಮಾರು 1,600 ಟನ್ ಲಿಥಿಯಂ ಇದೆಯೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಬೆಟ್ಟ ಅಗೆಯುವುದನ್ನು ಪ್ರಶ್ನಿಸುವ ನಾವು, ಅಗೆದು ತಂದುದನ್ನು ತಿಪ್ಪೆಗೆ ಎಸೆಯುವವರಾಗಬಾರದು.

2016ರ ಘನತ್ಯಾಜ್ಯ ನಿಯಮಗಳೇ ಬಳಸಿದ ಬ್ಯಾಟರಿಯನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಕರೆದಿದ್ದವು. 2001ರ ಬ್ಯಾಟರಿ ನಿಯಮಗಳು ಸೀಸದ ಬ್ಯಾಟರಿಗೆ ಮಾತ್ರ ಸೀಮಿತವಾಗಿದ್ದವು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಪುಟ್ಟ ಬಿಲ್ಲೆಯನ್ನೂ ಒಳಗೊಂಡವು. ತಾವು ಮಾರಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಬಳಕೆದಾರರಾದ ನಮಗೂ ಕರ್ತವ್ಯವಿದೆ. ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ, ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಆದರೆ ಸಂಗ್ರಹದ ಗಾಡಿ ಹಳ್ಳಿಯ ಬಾಗಿಲಿಗೆ ತಾನಾಗಿ ಬರುವುದನ್ನು ಕಾಯುತ್ತ ಕೂರಲಾಗದು.

ಹೀಗಾಗಿ ನನ್ನದೊಂದು ಸಣ್ಣ ಸಲಹೆ. ಹಳೆಯ ಬಿಲ್ಲೆ ಕೈಗೆ ಬಂದ ಕ್ಷಣವೇ ಎರಡೂ ಮುಖಕ್ಕೆ ಅಂಟುಪಟ್ಟಿ ಸುತ್ತಿ. ಇದರಿಂದ ಬೆಂಕಿಯ ಭಯ ತಪ್ಪುತ್ತದೆ. ಆದರೂ ಮಗುವಿನ ಕೈಗೆ ಸಿಗದಂತೆ ಇಡಲೇಬೇಕು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಎತ್ತರದ ಅಟ್ಟದ ಮೇಲೆ ಇಡಿ. ಶಾಲೆಯಲ್ಲೊಂದು, ಹಾಲಿನ ಡೇರಿಯಲ್ಲೊಂದು ಬೀಗವಿರುವ ಪೆಟ್ಟಿಗೆ ಇಡೋಣ. ವಿದ್ಯಾರ್ಥಿಗಳು ಲೆಕ್ಕದ ಪುಸ್ತಕ ಇಡಲಿ. ಊರಿನಲ್ಲಿ ನೂರು ಕೀಲಿಕೈಗಳಿದ್ದು, ಎರಡು ವರ್ಷಕ್ಕೊಮ್ಮೆ ಸೆಲ್ ಬದಲಾದರೆ ವರ್ಷಕ್ಕೆ ಐವತ್ತು ಬಿಲ್ಲೆ, ನೂರೈವತ್ತು ಗ್ರಾಮು. ಒಂದು ಟೀ ಪೊಟ್ಟಣದ ತೂಕ. ವರ್ಷಕ್ಕೊಮ್ಮೆ ಹಾಸನಕ್ಕೆ ಹೋಗುವವರು ಅದನ್ನು ಒಯ್ದು, ನೋಂದಾಯಿತ ಸಂಗ್ರಾಹಕರಿಗೆ ಒಪ್ಪಿಸಿ ರಶೀದಿ ತರಲಿ. ಯಾರಿಗೆ ಒಪ್ಪಿಸಬೇಕೆಂದು ಗ್ರಾಮ ಪಂಚಾಯಿತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ಬರೆದು ಕೇಳೋಣ. ಆ ಪತ್ರವನ್ನು ಹತ್ತನೆಯ ತರಗತಿಯ ಮಕ್ಕಳೇ ಬರೆಯಲಿ.

ಇಂದು ಮನೆಗೆ ಹೋದೊಡನೆ ಒಂದು ಕೆಲಸ ಮಾಡಿ. ಕಿಟಕಿಯ ಕಟ್ಟೆ, ದೇವರ ಗೂಡು, ಟಿ.ವಿ.ಯ ಪಕ್ಕದ ಬಟ್ಟಲು, ಈ ಮೂರನ್ನೂ ನೋಡಿ. ಚಿಲ್ಲರೆಯ ನಡುವೆ ನಾಣ್ಯವಲ್ಲದ ಬಿಲ್ಲೆಯೊಂದು ಇದ್ದೀತು. ಅದನ್ನು ಎತ್ತಿ, ಅಂಟುಪಟ್ಟಿ ಸುತ್ತಿ, ಮೇಲಿಡಿ. ನನ್ನ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಮ್ಮ ಮನೆಯ ಡಬ್ಬಿಯ ಮೇಲೆ 'ಮುಟ್ಟಬಾರದು' ಎಂದು ಬರೆದಿರುವುದು ಅವಳೇ.